ನೆಲದಡಿಯ ಸೋರಿಕೆ: ಕಿವಿಯಿಂದ ಕಾಲಮಾಪನದವರೆಗೆ

ಚಿಕ್ಕಮಗಳೂರು ಜಿಲ್ಲೆಯ ಕಾಫಿ ಸೀಮೆಯಲ್ಲಿ ಮನೆಗೆ ನೀರು ಬರುವುದು ಹೆಚ್ಚಾಗಿ ಮೇಲಿನಿಂದ. ಕಳಸ, ಮೂಡಿಗೆರೆ ಕಡೆಯ ಹಳೆಯ ಮನೆಗಳಿಗೆ ಗುಡ್ಡದ ಒರತೆಯ ನೀರು ಅಡಿಕೆ ಮರವನ್ನು ಸೀಳಿ ತಿರುಳು ತೆಗೆದ ದಂಬೆಗಳಲ್ಲಿ ಹರಿದು ಬರುತ್ತಿತ್ತು. ಪಂಪು ಬೇಕಿರಲಿಲ್ಲ, ಗುರುತ್ವವೇ ಸಾಕಾಗಿತ್ತು. ದಂಬೆ ಎಲ್ಲಿಯಾದರೂ ಸೋರಿದರೆ ಕಣ್ಣಿಗೆ ಕಾಣುತ್ತಿತ್ತು. ಮನೆಯ ಯಾರಾದರೂ ಹೋಗಿ ಸರಿಪಡಿಸುತ್ತಿದ್ದರು. ಮುಂದೆ ಕಬ್ಬಿಣದ ಕೊಳವೆ ಬಂತು, ಅನಂತರ ಪಿ.ವಿ.ಸಿ. ಬಂತು. ಕೊಳವೆ ಗೋಡೆಯೊಳಗೆ, ಕೊನೆಗೆ ನೆಲಗಟ್ಟಿನ ಅಡಿಗೆ ಸೇರಿತು. ಅಂದಿನಿಂದ ಸೋರಿಕೆ ಕಣ್ಣಿಗೆ ಮರೆಯಾಯಿತು. ಮಳೆಗಾಲದಲ್ಲಂತೂ ನೆಲವೆಲ್ಲ ತೇವವಾಗಿರುವ ಈ ಸೀಮೆಯಲ್ಲಿ, ಒದ್ದೆ ಕಂಡಿತೆಂದು ಸೋರಿಕೆಯನ್ನು ಗುರುತಿಸುವಂತೆಯೂ ಇಲ್ಲ.

ಕಾಣದ ಸೋರಿಕೆಯನ್ನು ಕಂಡುಹಿಡಿಯುವುದು ಹೇಗೆ? ಈ ಪ್ರಶ್ನೆಯ ಇತಿಹಾಸ ನಿಮ್ಮ ಭೌತಶಾಸ್ತ್ರದ ಪಠ್ಯದೊಳಗೇ ಹರಡಿಕೊಂಡಿದೆ.

ಸಣ್ಣ ರಂಧ್ರದ ಲೆಕ್ಕ

ಮೊದಲ ಹೆಜ್ಜೆ ಇಟಲಿಯ ಟೊರಿಸೆಲ್ಲಿಯದು. 1644ರಲ್ಲಿ ಪ್ರಕಟವಾದ ಆತನ ನಿಯಮದಂತೆ, h ಎತ್ತರದ ನೀರಿನ ಕೆಳಗಿರುವ ರಂಧ್ರದಿಂದ ನೀರು √(2gh) ವೇಗದಲ್ಲಿ ಚಿಮ್ಮುತ್ತದೆ. ನಿಮ್ಮ ಮನೆಗಿಂತ 20 ಮೀಟರ್ ಎತ್ತರದಲ್ಲಿ ಟ್ಯಾಂಕ್ ಇದೆ ಎನ್ನಿ. ವೇಗ ಸೆಕೆಂಡಿಗೆ ಸುಮಾರು 20 ಮೀಟರ್. ರಂಧ್ರದ ವ್ಯಾಸ ಬರೀ 1 ಮಿಲಿಮೀಟರ್, ವಿಸರ್ಜನ ಗುಣಾಂಕ 0.6 ಎಂದಿಟ್ಟುಕೊಂಡರೂ ದಿನಕ್ಕೆ ಸುಮಾರು 800 ಲೀಟರ್ ನೀರು ಹೊರಬೀಳುತ್ತದೆ. ಒಂದು ಸಂಸಾರದ ದಿನದ ಬಳಕೆಗೆ ಸಾಕಾಗುವಷ್ಟು ನೀರು ಸದ್ದಿಲ್ಲದೆ ತಳಪಾಯದ ಅಡಿ ಇಂಗುತ್ತದೆ.

ಲಿವರ್‌ಪೂಲಿನ ರಾತ್ರಿ ಪಾಳಿ

ಸೋರಿಕೆ ಇದೆಯೆಂದು ತಿಳಿಯುವುದು ಒಂದು ಕೆಲಸ, ಎಲ್ಲಿದೆಯೆಂದು ತಿಳಿಯುವುದು ಇನ್ನೊಂದು. ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ ಎಂಜಿನಿಯರಾಗಿದ್ದ ಜಾರ್ಜ್ ಡೀಕನ್ 1873ರಲ್ಲಿ ಎರಡನ್ನೂ ಸಾಧಿಸುವ ಮಾಪಕವೊಂದನ್ನು ರಚಿಸಿದ. ತಿರುಗುವ ಉರುಳೆಯ ಮೇಲಿನ ಕಾಗದದಲ್ಲಿ ಲೇಖನಿಯೊಂದು ನೀರಿನ ಹರಿವನ್ನು ಗೀಚುತ್ತಿತ್ತು. ಊರು ಮಲಗಿದ ಮೇಲೂ ರೇಖೆ ಸೊನ್ನೆಗೆ ಇಳಿಯದಿದ್ದರೆ ಆ ಹರಿವಿನ ಬಹುಪಾಲು ಪೋಲು. ಆಗ ನೌಕರರು ಒಂದೊಂದೇ ಮನೆಯ ಕವಾಟ ಮುಚ್ಚುತ್ತ ಹೋಗುತ್ತಿದ್ದರು. ಯಾವ ಕವಾಟ ಮುಚ್ಚಿದ ಹೊತ್ತಿಗೆ ರೇಖೆ ಕುಸಿಯಿತೋ ಸೋರಿಕೆ ಅಲ್ಲಿ. ಕವಾಟದ ಕೀಲಿಯನ್ನು ಕಿವಿಗೊತ್ತಿ ಕೊಳವೆಯೊಳಗಿನ ಸದ್ದನ್ನು ಆಲಿಸುವುದೂ ಇತ್ತು. 1816ರಲ್ಲಿ ಫ್ರಾನ್ಸಿನ ಲೆನೆಕ್ ರೋಗಿಯ ಎದೆಗೆ ಸ್ಟೆತಸ್ಕೋಪ್ ಹಚ್ಚಿದ ತತ್ತ್ವವೇ ಇದು.

ಇದನ್ನು ನೀವೂ ಮಾಡಬಹುದು. ಮಾಪಕವಿಲ್ಲದಿದ್ದರೆ ಟ್ಯಾಂಕೇ ಮಾಪಕ. ರಾತ್ರಿ ಒಳಹರಿವು ನಿಲ್ಲಿಸಿ, ಎಲ್ಲ ನಲ್ಲಿ ಮುಚ್ಚಿ, ಮಟ್ಟ ಗುರುತಿಸಿ. ತಳದ ವಿಸ್ತೀರ್ಣ 1 ಚದರ ಮೀಟರ್ ಇರುವ ಟ್ಯಾಂಕಿನಲ್ಲಿ ಮೇಲೆ ಹೇಳಿದ ಸೋರಿಕೆ ಆರು ಗಂಟೆಯಲ್ಲಿ ಮಟ್ಟವನ್ನು 20 ಸೆಂಟಿಮೀಟರ್ ಇಳಿಸುತ್ತದೆ. ಮರುರಾತ್ರಿ ಮನೆಯ ಹೊರಗಿನ ಕವಾಟವನ್ನೂ ಮುಚ್ಚಿ ನೋಡಿ. ಈಗಲೂ ಮಟ್ಟ ಇಳಿದರೆ ದೋಷ ಮನೆಯ ಹೊರಗೆ; ಇಳಿಯದಿದ್ದರೆ ಒಳಗೆ.

ಮಾಸ್ಕೋದ ಅಲೆ

1897–98ರಲ್ಲಿ ಮಾಸ್ಕೋದ ನೀರು ಸರಬರಾಜು ಕೊಳವೆಗಳಲ್ಲಿ ಝುಕೋವ್‌ಸ್ಕಿ ಜಲಾಘಾತವನ್ನು ಅಭ್ಯಸಿಸಿದ. ಕವಾಟವನ್ನು ಥಟ್ಟನೆ ಮುಚ್ಚಿದರೆ ಒತ್ತಡದ ಅಲೆಯೊಂದು ಕೊಳವೆಯಲ್ಲಿ ಓಡುತ್ತದೆ. ಸೋರುವ ಜಾಗದಲ್ಲಿ ಅದರ ಒಂದು ಭಾಗ ಪ್ರತಿಫಲಿಸಿ ಹಿಂದಿರುಗುತ್ತದೆ. ಹೋಗಿಬಂದ ಕಾಲ ತಿಳಿದರೆ ದೂರ ತಿಳಿಯುತ್ತದೆ. ಹೀಗೆ ಕಿವಿಯ ಕೆಲಸ ಗಡಿಯಾರಕ್ಕೆ ಬಂತು.

1970ರ ದಶಕದಿಂದ ಬಳಕೆಗೆ ಬಂದ ಸಹಸಂಬಂಧ ಮಾಪಕಗಳೂ ಕಾಲವನ್ನೇ ಅಳೆಯುತ್ತವೆ. ಕೊಳವೆಯ ಎರಡು ತುದಿಗಳಿಗೆ ಸಂವೇದಕ ಕೂರಿಸಿ, ಸೋರಿಕೆಯ ಸದ್ದು ಒಂದಕ್ಕಿಂತ ಇನ್ನೊಂದನ್ನು ಎಷ್ಟು ತಡವಾಗಿ ತಲುಪಿತೆಂದು ನೋಡಲಾಗುತ್ತದೆ. ಅಂತರ L, ಅಲೆಯ ವೇಗ c, ತಡ t ಆದರೆ, ಮೊದಲು ಸದ್ದು ಕೇಳಿದ ತುದಿಯಿಂದ ಸೋರಿಕೆಗೆ ದೂರ (L – ct)/2. ಅಂತರ 12 ಮೀಟರ್, ತಡ 5 ಮಿಲಿಸೆಕೆಂಡ್ ಎನ್ನಿ. ಕಬ್ಬಿಣದ ಕೊಳವೆಯಲ್ಲಿ c ಸೆಕೆಂಡಿಗೆ ಸುಮಾರು 1,200 ಮೀಟರ್ ಆದ್ದರಿಂದ ಉತ್ತರ 3 ಮೀಟರ್. ಆದರೆ ಕೊಳವೆಯ ಗೋಡೆ ಹಿಗ್ಗಿದಷ್ಟೂ ಅಲೆ ನಿಧಾನವಾಗುತ್ತದೆ ಎಂಬುದನ್ನು 1878ರಲ್ಲೇ ಡಚ್ ಗಣಿತಜ್ಞ ಕೋರ್ಟೆವೆಗ್ ತೋರಿಸಿದ್ದ. ಪಿ.ವಿ.ಸಿ.ಯಲ್ಲಿ c ಸುಮಾರು 400. ಅದೇ ಅಳತೆಗೆ ಉತ್ತರ 5 ಮೀಟರ್! ಕೊಳವೆ ಯಾವುದರದೆಂದು ತಿಳಿಯದೆ ಲೆಕ್ಕ ಹಾಕಿದರೆ ಎರಡು ಮೀಟರ್ ಆಚೆ ನೆಲ ಒಡೆದಂತೆ.

ಪ್ಲಾಸ್ಟಿಕ್ಕಿನಲ್ಲಿ ಸದ್ದು ಬೇಗ ಅಡಗಿಹೋಗುವುದು ಇನ್ನೊಂದು ತೊಡಕು. ಅಂಥಲ್ಲಿ ನೀರು ಖಾಲಿಮಾಡಿ, 5% ಹೈಡ್ರೊಜನ್ ಮತ್ತು 95% ನೈಟ್ರೊಜನ್ ಮಿಶ್ರಣ ತುಂಬುತ್ತಾರೆ. ಈ ಪ್ರಮಾಣದಲ್ಲಿ ಅದು ಹೊತ್ತಿಕೊಳ್ಳದು. ಹಗುರವಾದ ಹೈಡ್ರೊಜನ್ ಕಾಂಕ್ರೀಟನ್ನೂ ತೂರಿ ಮೇಲೆ ಬರುವುದನ್ನು ಸಂವೇದಕ ಗುರುತಿಸುತ್ತದೆ.

ಇಳಿಜಾರಿನ ಮನೆ

ಕಾಫಿ ಗುಡ್ಡಗಳಲ್ಲಿ ಇದು ನೀರಿನ ಪೋಲಿನ ಪ್ರಶ್ನೆ ಮಾತ್ರವಲ್ಲ. ಇಲ್ಲಿ ಎಷ್ಟೋ ಮನೆಗಳು ಗುಡ್ಡದ ಒಂದು ಬದಿ ಕಡಿದು, ಆ ಮಣ್ಣನ್ನೇ ಇನ್ನೊಂದು ಬದಿಗೆ ತುಂಬಿ ಮಾಡಿದ ತಟ್ಟಿನ ಮೇಲಿವೆ. ಕಾರ್ಲ್ ಟೆರ್ಜಾಗಿ 1925ರಲ್ಲಿ ಪ್ರಕಟಿಸಿದ ಗ್ರಂಥದಿಂದ ಆಧುನಿಕ ಮಣ್ಣಿನ ಯಂತ್ರಶಾಸ್ತ್ರ ಆರಂಭವಾಯಿತೆನ್ನುತ್ತಾರೆ. ಆತನ ಮುಖ್ಯ ತತ್ತ್ವ ಸರಳ: ಮಣ್ಣಿನ ರಂಧ್ರಗಳಲ್ಲಿ ನೀರಿನ ಒತ್ತಡ ಏರಿದಷ್ಟೂ ಕಣಕಣಗಳ ನಡುವಿನ ಒತ್ತು ಇಳಿಯುತ್ತದೆ, ಒತ್ತು ಇಳಿದರೆ ಘರ್ಷಣೆಯೂ ಇಳಿಯುತ್ತದೆ. 2019ರ ಆಗಸ್ಟಿನಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿಗಳಲ್ಲಿ ಗುಡ್ಡ ಕುಸಿದದ್ದು ಅತಿವೃಷ್ಟಿಯಿಂದ, ಕೊಳವೆಯಿಂದಲ್ಲ. ಆದರೆ ತುಂಬಿದ ಮಣ್ಣಿನೊಳಗೆ ತಿಂಗಳುಗಟ್ಟಲೆ ಇಂಗುವ ಸೋರಿಕೆ, ಮಳೆ ಆರಂಭವಾಗುವ ಮೊದಲೇ ಆ ಮಣ್ಣನ್ನು ನೆನೆಸಿಟ್ಟಿರುತ್ತದೆ.

ದುರಸ್ತಿ

ಜಾಗ ಖಚಿತವಾದರೆ ಅಷ್ಟೇ ನೆಲ ಒಡೆದು ತುಂಡು ಬದಲಿಸಬಹುದು. ಲಂಡನ್ನಿನಲ್ಲಿ 1971ರಲ್ಲಿ ಎರಿಕ್ ವುಡ್ ಹಳೆಯ ಚರಂಡಿ ಕೊಳವೆಗೆ ರಾಳದ ಒಳಪದರ ಹಾಕಿ, ಅಗೆಯದೆ ದುರಸ್ತಿ ಮಾಡುವ ದಾರಿ ತೋರಿದ. ಮನೆಯ ಕಿರಿದಾದ, ತಿರುವುಗಳುಳ್ಳ ಕೊಳವೆಗೆ ಅದು ಸುಲಭವಲ್ಲ. ಕೊಳವೆ ಹಳೆಯದಾಗಿದ್ದರೆ ಅದರ ಎರಡೂ ತುದಿ ಮುಚ್ಚಿ, ಹೊಸದನ್ನು ಗೋಡೆಯ ಮೇಲೆ ಕಾಣುವಂತೆ ಎಳೆಯುವುದೇ ಮೇಲು. ಯಾವ ದಾರಿ ಹಿಡಿದರೂ, ನೆಲದಡಿ ಮಣ್ಣು ಕೊಚ್ಚಿಹೋಗಿ ಪೊಳ್ಳಾಗಿದ್ದರೆ ತುಂಬಿ ದಮ್ಮಸ್ಸು ಮಾಡಬೇಕು. ಹೊಸ ಕೊಳವೆಗೆ ಒತ್ತಡ ಕೊಟ್ಟು, ಮಾಪಕದ ಮುಳ್ಳು ಕೆಲವು ಗಂಟೆ ಇಳಿಯದಿರುವುದನ್ನು ನೋಡಿಯೇ ನೆಲ ಮುಚ್ಚಬೇಕು.

ಹೊಸ ಮನೆ ಕಟ್ಟುವವರಿಗೆ ಒಂದು ಮಾತು: ನೆಲ ಹಾಕುವ ಮೊದಲು ಕೊಳವೆಗಳ ನಕ್ಷೆ ಬರೆದಿಡಿ. ಯಾವ ಕೊಳವೆ, ಎಷ್ಟು ಉದ್ದ, ಎಲ್ಲಿ ಜೋಡಣೆ ಎಂಬುದು ಅದರಲ್ಲಿರಲಿ. ಮೇಲಿನ ಸೂತ್ರಕ್ಕೆ ಬೇಕಾದ L ಮತ್ತು c ಎರಡೂ ಆ ಒಂದು ಹಾಳೆಯಲ್ಲಿರುತ್ತವೆ.