ಆಯಿಯ ಹೆಸರಿಲ್ಲದ ವಂಶವೃಕ್ಷ

ನಮ್ಮ ಸೀಮೆಯ ಊರುಗಳಿಗೆ ಹೆಳವರು ಎತ್ತು ಹೊಡಕೊಂಡು ಬರುತ್ತಾರೆ. ಒಕ್ಕಲು ಮನೆಗಳ ಮುಂದೆ ನಿಂತು ತಲೆತಲಾಂತರದ ಹೆಸರು ಹೇಳಿ ಕಾಳುಕಡಿ ಇಸಗೊಂಡು ಹೋಗುತ್ತಾರೆ. ಲಕ್ಕಲಕಟ್ಟಿಗೆ ಸೊಸೆಯಾಗಿ ಬಂದು ಅರವತ್ತು ವರ್ಷ ದಾಟಿದ ನಮ್ಮ ಆಯಿ, ಅವರು ನಮ್ಮ ಕೇರಿಗೆ ಬಂದದ್ದನ್ನು ಒಮ್ಮೆಯೂ ಕಂಡಿಲ್ಲ. ಹಾಗಾದರೆ ನಮಗೆ ವಂಶವೇ ಇರಲಿಲ್ಲವೇ? ಇತ್ತು. ಸರ್ಕಾರವೇ ಅದನ್ನು ಬರೆದಿಟ್ಟಿತ್ತು. ಚಾಕರಿಗೆ ಯಾರನ್ನು ಕರೆಯಬೇಕು ಎಂಬ ಲೆಕ್ಕಕ್ಕಾಗಿ ಬರೆದಿಟ್ಟಿತ್ತು.

ಈಗ ಗಜೇಂದ್ರಗಡ ತಾಲೂಕಿಗೆ ಸೇರಿದ ನಮ್ಮೂರು ಮೊದಲು ರೋಣ ತಾಲೂಕಿನದು. ಬ್ರಿಟಿಷರ ಕಾಲಕ್ಕೆ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆ. 1874ರ ಮುಂಬಯಿ ವಂಶಪಾರಂಪರ್ಯ ಹುದ್ದೆಗಳ ಕಾಯಿದೆ ಊರಿನ ಹುದ್ದೆಗಳನ್ನು ವತನವಾಗಿ ಕಟ್ಟಿಹಾಕಿತು. ಗೌಡ, ಕುಲಕರ್ಣಿಯ ಮನೆಯಲ್ಲಿ ಅಧಿಕಾರ ತಂದೆಯಿಂದ ಮಗನಿಗೆ ಇಳಿಯಿತು. ನಮ್ಮ ಮನೆಯಲ್ಲಿ ಓಡಾಟ ಇಳಿಯಿತು. ತುಂಡು ಹೊಲ, ಕಣದಲ್ಲಿ ಒಂದಿಷ್ಟು ಆಯ, ಅದಕ್ಕೆ ಹಗಲೂ ರಾತ್ರಿ ದುಡಿತ. 1928ರಲ್ಲಿ ಈ ಕಾಯಿದೆ ತಿದ್ದಲು ಬಾಬಾಸಾಹೇಬರು ಮುಂಬಯಿ ಶಾಸನ ಪರಿಷತ್ತಿನಲ್ಲಿ ಮಸೂದೆ ತಂದರು. ವತನದಾರ ಮಹಾರ ಸಿಗದಿದ್ದರೆ ಅವನ ಮನೆಯ ಇನ್ನೊಬ್ಬರನ್ನು ಹಿಡಿದು ದುಡಿಸುತ್ತಾರೆಂದು ಎತ್ತಿ ತೋರಿಸಿದರು. ಮಸೂದೆ ಕಾಯಿದೆಯಾಗಲಿಲ್ಲ.

ನಮ್ಮ ಕಡೆ ಈ ಗಂಟು ಬಿಚ್ಚಿದ್ದು ಗ್ರಾಮ ಹುದ್ದೆಗಳ ರದ್ದತಿಯ 1961ರ ಕಾಯಿದೆ 1963ರ ಫೆಬ್ರವರಿ 1ರಂದು ಜಾರಿಗೆ ಬಂದಾಗ. ವತನದ ಹೊಲ ಸರ್ಕಾರಕ್ಕೆ ಹೋಯಿತು. ಗೊತ್ತುಮಾಡಿದ ರೊಕ್ಕ ಕಟ್ಟಿದವರಿಗೆ ಮರಳಿ ಮಂಜೂರು.

"ನಮ್ಮ ಮಾವ ಕೋಲು ಮೂಲಿಗಿಟ್ಟ ವರ್ಷ ನಾ ಈ ಮನೀಗೆ ಬಂದೆ. ಕೋಲು ಹೋತು, ಹೊಲಾನೂ ಹೋತು. ರೊಕ್ಕ ಎಲ್ಲಿತ್ತವ್ವಾ ಕಟ್ಟಾಕ?" ಅನ್ನುತ್ತಾಳೆ ಆಯಿ.

ಈ ಮಾತನ್ನು ಅವಳು ತನ್ನ ಮಗನಿಗೆ ಹೇಳಿಲ್ಲ. ನಮ್ಮಪ್ಪನಿಗೆ ಕೇಳುವ ಮನಸ್ಸೂ ಇರಲಿಲ್ಲ. "ಅದನ್ನ ಯಾಕ ಕೆದಕ್ತಿ? ನಿನ್ನ ಓದಿಸಿದ್ದು ಅದನ್ನ ಮರೀಲಿ ಅಂತ" ಅನ್ನುತ್ತಾನೆ. ಅವನ ಸಿಟ್ಟು ನನಗೆ ತಿಳಿಯುತ್ತದೆ. ಅವಮಾನ ಉಂಡ ತಲೆಮಾರು ಬಾಯಿ ಮುಚ್ಚಿಕೊಂಡು ನಮ್ಮನ್ನು ಶಾಲೆಗೆ ಕಳಿಸಿತು. ಹೀಗಾಗಿ ಅಕ್ಷರ ಬಾರದ ಆಯಿಗೂ ಡಿಗ್ರಿ ಮುಗಿಸಿದ ಮೊಮ್ಮಗಳಿಗೂ ಜೊತೆ ಬಿತ್ತು. ಟ್ರಂಕಿನಲ್ಲಿದ್ದ ಹಳೆಯ ಕೈಬರಹದ ಕಾಗದ ನಾನು ಓದುತ್ತೇನೆ, ಅವಳು ತಿದ್ದುತ್ತಾಳೆ: "ಅಂವ ಹೊಟ್ಟೀಲೆ ಹುಟ್ಟಿದ ಮಗ ಅಲ್ಲ, ದತ್ತಕ ಬಂದಾಂವ."

ಆಯಿಗೆ ಇಸವಿ ಗೊತ್ತಿಲ್ಲ, ಬರ ಗೊತ್ತು. ಅವಳ ಅತ್ತೆಯ ಅತ್ತೆ ಎಳೆಗೂಸಾಗಿದ್ದಾಗಿನ ದೊಡ್ಡ ಬರ ಎಂದರೆ 1876-78ರದು. ತಾನು ಕಲ್ಲು ಒಡೆಯಲು ಹೋದದ್ದು ಎಪ್ಪತ್ತೆರಡರ ಬರದಲ್ಲಿ. ಬರದ ಪಕ್ಕ ಇಸವಿ ಇಟ್ಟರೆ ನಮ್ಮ ಮನೆಯ ಚರಿತ್ರೆ ಎದ್ದು ಕೂಡುತ್ತದೆ.

ಅವಳ ಮಾವನಿಗೆ ಯಾರ ಹೊಲದ ಮೇರೆ ಎಲ್ಲಿಗೆ ಎಂಬುದು ಬಾಯಿಪಾಠವಿತ್ತಂತೆ. ಮೈಸೂರು ಸೀಮೆಯಲ್ಲಿ ಗಡಿ ಜಗಳ ಬಂದರೆ ಹೊಲೆಯರ ಕುಲವಾಡಿ ತಲೆಯ ಮೇಲೆ ಮಣ್ಣಿನ ಉಂಡೆ ಹೊತ್ತು ಮೇರೆ ನಡೆದು ತೋರಿಸುತ್ತಿದ್ದನೆಂದು ಮೆಕೆಂಜಿ ಎಂಬ ಬ್ರಿಟಿಷ್ ಅಧಿಕಾರಿ 1873ರಲ್ಲಿ ಬರೆದಿದ್ದಾನೆ. ಎಲ್ಲರ ಹೊಲದ ಗುರುತು ತಲೆಯಲ್ಲಿಟ್ಟುಕೊಂಡವರ ಕೈಯಲ್ಲಿ ಒಂದು ಗುಂಟೆ ಉಳಿಯಲಿಲ್ಲ!

ಆ ಕಾಗದಗಳಲ್ಲೇ ನಮ್ಮ ವಂಶವೃಕ್ಷವೂ ಇದೆ. ಅದರಲ್ಲಿ ಬರೀ ಗಂಡಸರು. ಇದು ಬರೆದವನ ಮರೆವಲ್ಲ. ಮುಂಬಯಿಯ 1886ರ ಐದನೆಯ ಕಾಯಿದೆ ವತನದ ವಾರಸಿನಲ್ಲಿ, ಕೊನೆಯ ವತನದಾರನ ವಿಧವೆಯನ್ನು ಬಿಟ್ಟು, ಮನೆತನದ ಹೆಂಗಸರನ್ನು ಗಂಡಸರ ಹಿಂದಕ್ಕೆ ತಳ್ಳಿತ್ತು. ಮಗಳೂ ಮಗನ ಸರಿಸಮ ಎಂದು ಹಿಂದೂ ಉತ್ತರಾಧಿಕಾರ ಕಾಯಿದೆಗೆ ತಿದ್ದುಪಡಿ ಬಂದದ್ದು 2005ರಲ್ಲಿ. ಆದರೆ ಆ ಗಂಡಸರ ಹೆಸರುಗಳನ್ನು ಕಾಪಾಡಿದವರು ಯಾರು? ಅತ್ತೆ ಸೊಸೆಗೆ ಹೇಳಿದಳು, ಆ ಸೊಸೆ ತನ್ನ ಸೊಸೆಗೆ. ಬೇರೆ ಬೇರೆ ಊರಿನಿಂದ ಬಂದ ಹೆಣ್ಣುಮಕ್ಕಳ ಬಾಯಲ್ಲಿ ಈ ವಂಶ ಉಳಿದಿದೆ. ಗೌಡನ ದಫ್ತರಕ್ಕೂ ಅವರು ಬೇಕಾಗಲಿಲ್ಲ, ನಮ್ಮದೇ ಗಂಡಸರಿಗೂ ಬೇಕಾಗಲಿಲ್ಲ.

ನಾನೂ ಆಯಿಯೂ ಈಗ ನೋಟ್‌ಬುಕ್ಕಿನಲ್ಲಿ ಇನ್ನೊಂದು ವಂಶವೃಕ್ಷ ಬರೆಯುತ್ತಿದ್ದೇವೆ. ಪ್ರತಿ ಹೆಣ್ಣಿನ ಹೆಸರು, ಅವಳ ತವರೂರು, ಅವಳು ಕಂಡ ಬರ. ಹೋದ ಹೊಲ ಇದರಿಂದ ಮರಳುವುದಿಲ್ಲ, ಗೊತ್ತಿದೆ. ಆದರೆ ನಮ್ಮನ್ನು ಚಾಕರಿಯ ಲೆಕ್ಕದಲ್ಲಿ ಬರೆದಿಟ್ಟ ಕಾಗದವೇ ನಮ್ಮ ಕೊನೆಯ ಕಾಗದ ಆಗಬಾರದು. ಗೆಳೆಯರೇ, ನಿಮ್ಮ ಮನೆಯಲ್ಲೂ ಒಬ್ಬ ಆಯಿ ಇದ್ದಾಳು. ಅವಳ ಅತ್ತೆಯ ಹೆಸರು ಕೇಳಿ ಬರೆದುಕೊಳ್ಳಿ.