ಹಾಲೆಂಡಿನ ಔಷಧಾಲಯದ ಕಡತ

ನಡುರಾತ್ರಿ ಆಸ್ಪತ್ರೆಗೆ ಬಂದಿಳಿದ ವೃದ್ಧರೊಬ್ಬರನ್ನು, ಮನೆಯಲ್ಲಿ ಯಾವ ಔಷಧ ಸೇವಿಸುತ್ತಿದ್ದೀರೆಂದು ವೈದ್ಯರು ಕೇಳಿದರೆ, ದೊರೆಯುವ ಉತ್ತರ ಎಲ್ಲ ದೇಶಗಳಲ್ಲಿಯೂ ಹೆಚ್ಚುಕಡಿಮೆ ಒಂದೇ: ಬೆಳಿಗ್ಗೆ ಒಂದು ಬಿಳಿಯ ಮಾತ್ರೆ, ರಾತ್ರಿ ಅರ್ಧ ಕೆಂಪು ಮಾತ್ರೆ. ಆ ಬಿಳಿಯ ಮಾತ್ರೆ ರಕ್ತ ಹೆಪ್ಪುಗಟ್ಟದಂತೆ ತಡೆಯುವಂಥದೋ, ಸಕ್ಕರೆಯನ್ನು ಇಳಿಸುವಂಥದೋ, ಬಲ್ಲವನು ಅದನ್ನು ಕೊಟ್ಟ ಅಂಗಡಿಯವನು. ಅವನಾದರೋ ಆ ಹೊತ್ತಿಗೆ ಬಾಗಿಲೆಳೆದುಕೊಂಡು ಮಲಗಿರುತ್ತಾನೆ. ಈ ಅಂಗಡಿಗೂ ಆಸ್ಪತ್ರೆಗೂ ನಡುವೆ ದಾರಿಯೊಂದನ್ನು ತೆರೆಯಲು ಹಾಲೆಂಡು ಪಟ್ಟ ಪಾಡು ಕೇಳತಕ್ಕದ್ದು.

ಆ ದೇಶದಲ್ಲಿ ರೋಗಿ ಸಾಮಾನ್ಯವಾಗಿ ನೆರೆಹೊರೆಯ ಒಂದೇ ಔಷಧಾಲಯದಲ್ಲಿ ಹೆಸರು ಬರೆಸಿರುತ್ತಾನೆ, ನಮ್ಮಲ್ಲಿ ದಿನಸಿ ಅಂಗಡಿಯ ಖಾತೆ ಇದ್ದಂತೆ. ಹೀಗಾಗಿ ಯಾರಿಗೆ, ಯಾವಾಗ, ಏನನ್ನು ಕೊಟ್ಟದ್ದಾಯಿತು ಎಂಬ ಕಡತ ಅಲ್ಲಿ ತಾನಾಗಿಯೇ ಬೆಳೆಯಿತು. ಗಣಕಯಂತ್ರ ಬಂದ ಮೇಲೆ, ಹೊಸ ಔಷಧವು ಹಳೆಯದಕ್ಕೆ ವಿರೋಧವಾದೀತೇ ಎಂದು ನೋಡುವುದೂ ಸುಲಭವಾಯಿತು. ಆದರೆ ಆಸ್ಪತ್ರೆಯದು ಬೇರೆಯೇ ಪುಸ್ತಕ.

2005-06ರಲ್ಲಿ ಅಲ್ಲಿನ 21 ಆಸ್ಪತ್ರೆಗಳಲ್ಲಿ ಒಂದು ಪರಿಶೀಲನೆ ನಡೆಯಿತು. ಅನಿರೀಕ್ಷಿತವಾಗಿ ದಾಖಲಾದ ಸುಮಾರು 13,000 ಪ್ರಕರಣಗಳಲ್ಲಿ ಶೇಕಡಾ 5.6ಕ್ಕೆ ಔಷಧವೇ ಕಾರಣವೆಂದೂ, ಅವುಗಳಲ್ಲಿ ಅರ್ಧದಷ್ಟನ್ನು ತಡೆಯಬಹುದಾಗಿತ್ತೆಂದೂ ತಿಳಿದುಬಂತು. ಇವೆಲ್ಲ ಕಡತ ಕಾಣದ್ದರಿಂದಲೇ ಆದವೆಂದಲ್ಲ. ಆದರೂ ಅಂಕಿ ದೇಶವನ್ನು ಎಚ್ಚರಿಸಿತು. ಎಲ್ಲರ ದಾಖಲೆಗಳನ್ನೂ ಜೋಡಿಸುವ ರಾಷ್ಟ್ರೀಯ ವ್ಯವಸ್ಥೆಗೆ ಸರ್ಕಾರ ಕಾನೂನು ಸಿದ್ಧಪಡಿಸಿತು. ಒಲ್ಲದವರು ತಿಳಿಸಲಿ ಎಂದು 2008ರಲ್ಲಿ ಮನೆಮನೆಗೂ ಪತ್ರ ಹೋಯಿತು. ಲಕ್ಷಗಟ್ಟಲೆ ಜನ ಒಲ್ಲೆವೆಂದರು. 2009ರಲ್ಲಿ ಕೆಳಮನೆ ಒಪ್ಪಿದ ಮಸೂದೆಯನ್ನು 2011ರ ಏಪ್ರಿಲ್ 5ರಂದು ಮೇಲ್ಮನೆ ಸರ್ವಾನುಮತದಿಂದ ತಳ್ಳಿಹಾಕಿತು.

ಆ ಸದಸ್ಯರಿಗೆ ರೋಗಿಯ ಹಿತ ಬೇಡವಾಗಿತ್ತೆಂದು ಭಾವಿಸಲಾಗದು. ಔಷಧದ ಪಟ್ಟಿ ಎಂದರೆ ಕೇವಲ ಮಾತ್ರೆಗಳ ಪಟ್ಟಿಯಲ್ಲ. ಓದಬಲ್ಲವನಿಗೆ ಅದು ಮನುಷ್ಯನ ಗುಟ್ಟುಗಳ ಪಟ್ಟಿ: ಇವರ ಮನಸ್ಸು ಕದಡಿತ್ತು, ಇವರು ಕುಡಿತ ಬಿಡಲು ಹೆಣಗಿದರು, ಇವರಿಗೆ ನೆರೆಯವರು ಅರಿಯಬಾರದ ಸೋಂಕು ತಗುಲಿತ್ತು. ನೆರೆಯ ಅಂಗಡಿಯವನಿಗೆ ಅದನ್ನು ಒಪ್ಪಿಸಿದ್ದು ಮುಖ ನೋಡಿ. ದೇಶದ ಯಾವುದೋ ಮೂಲೆಯ, ಮುಖ ಕಾಣದವರೂ ಅದನ್ನು ತೆರೆಯಬಹುದೆಂದರೆ ವಿಶ್ವಾಸದ ಸ್ವರೂಪವೇ ಬೇರೆಯಾಗುತ್ತದೆ. ಮೇಲ್ಮನೆಯ ಅಳುಕು ನನಗೆ ಸಹಜವೆಂದೇ ತೋರುತ್ತದೆ. ಅಷ್ಟೇ ಸಹಜವಾದದ್ದು, ಪ್ರಜ್ಞೆ ತಪ್ಪಿದ ರೋಗಿಯ ಮುಂದೆ ನಿಂತ ವೈದ್ಯನ ಅಸಹಾಯಕತೆ.

ಸರ್ಕಾರ ಹಿಂದೆ ಸರಿದ ಮೇಲೆ ವೈದ್ಯರು, ಔಷಧಾಲಯದವರು, ಆಸ್ಪತ್ರೆಯವರು ತಾವೇ ಸೇರಿ ಆ ಜಾಲವನ್ನು ವಹಿಸಿಕೊಂಡರು. ಎರಡು ಮಾತು ಬದಲಾದವು. ಸುಮ್ಮನಿದ್ದವರು ಇನ್ನು ಒಪ್ಪಿದಂತಲ್ಲ. ಬಾಯಿಬಿಟ್ಟು ಸಮ್ಮತಿಸಿದವರ ದಾಖಲೆ ಮಾತ್ರ ಕಾಣುವುದು. ನೋಡುವ ಹಕ್ಕೂ ಆಯಾ ಪ್ರದೇಶದೊಳಗೆ ಸೀಮಿತವಾಯಿತು. ಕಡತವಂತೂ ಮೊದಲಿನಂತೆ ಔಷಧಾಲಯದಲ್ಲಿಯೇ ಉಳಿಯಿತು. ನಡುವಣ ಯಂತ್ರದಲ್ಲಿರುವುದು ಅದು ಎಲ್ಲಿದೆಯೆಂಬ ಸೂಚಿ ಮಾತ್ರ.

ಕೇಳುವುದಕ್ಕೂ ಬೆಲೆ ತೆರಬೇಕಾಯಿತು. ಉತ್ತರವನ್ನೇ ಕೊಡದೆ ಉಳಿದವರು ಬಹಳ. 2020ರಲ್ಲಿ ಕೊರೋನಾ ಹಬ್ಬಿದಾಗ, ಹೌದೆನ್ನದೆ, ಅಲ್ಲವೆನ್ನದೆ ಇದ್ದ ಇಂಥವರ ವಿಷಯದಲ್ಲಿ ಅವರವರ ಕುಟುಂಬವೈದ್ಯರ ದಾಖಲೆಯನ್ನು ತುರ್ತುಚಿಕಿತ್ಸೆಯವರು ನೋಡಬಹುದೆಂದು ತಾತ್ಕಾಲಿಕ ಅನುಮತಿ ನೀಡಬೇಕಾಯಿತು. ಆಗಲೂ, ರೋಗಿ ಮಾತನಾಡುವ ಸ್ಥಿತಿಯಲ್ಲಿದ್ದರೆ ಮೊದಲು ಆತನನ್ನೇ ಕೇಳತಕ್ಕದ್ದೆಂಬ ಕಟ್ಟಳೆಯನ್ನು ಬಿಡಲಿಲ್ಲ.