ಮಳೆಮೋಡದ ಮೇಲಿನ ಪದರ

ತಾರ್ನಾಕದಲ್ಲಿರುವ ನಮಗೆ ಧೂಳು ಎಂದರೆ ಮೆಟ್ರೊ ಕಂಬಗಳ ಕೆಳಗಿನ ಧೂಳು. ಮಳೆ ಬಿದ್ದರೆ ಅದು ತೊಳೆದುಹೋಗುತ್ತದೆ, ಆಕಾಶ ಶುಭ್ರವಾಯಿತು ಎಂದುಕೊಳ್ಳುತ್ತೇವೆ. ಆದರೆ ಅದೇ ಮಳೆಗಾಲದಲ್ಲಿ, ಸುಮಾರು 13ರಿಂದ 18 ಕಿಲೋಮೀಟರ್ ಎತ್ತರದಲ್ಲಿ, ಅತಿ ಸಣ್ಣ ಕಣಗಳ ಒಂದು ಪದರ ಏಷ್ಯಾದ ಮೇಲೆ ಹರಡಿಕೊಳ್ಳುತ್ತದೆ. ಅದು ಯಾವ ವಸ್ತು ಎಂದು ಕಂಡುಕೊಂಡ ಕಥೆಯ ಒಂದು ಮುಖ್ಯ ಭಾಗ ನಡೆದದ್ದು ಇಲ್ಲಿಂದ ಸುಮಾರು ಎಂಟು ಕಿಲೋಮೀಟರ್ ದೂರದ ಇಸಿಐಎಲ್ ಬಳಿ.

ಉಪಗ್ರಹದಿಂದ ಕಣಗಳ ಜಾತಿ ಗುರುತಿಸುವ ಕೆಲಸ ಒಂದು ಉಪಲಾಭವಾಗಿ ಶುರುವಾಯಿತು. 1978ರ ನಿಂಬಸ್-7 ಉಪಗ್ರಹದಲ್ಲಿದ್ದ ಟಾಮ್ಸ್ ಉಪಕರಣ ಓಝೋನ್ ಅಳೆಯಲೆಂದು ಹೋದದ್ದು. ಹೊಗೆ ಮತ್ತು ಮರುಭೂಮಿಯ ಧೂಳು ನೇರಳಾತೀತ ಬೆಳಕನ್ನು ಹೀರುತ್ತವೆ, ಸಲ್ಫೇಟ್ ಹನಿಗಳು ಹೆಚ್ಚುಕಡಿಮೆ ಹೀರುವುದಿಲ್ಲ. ಈ ವ್ಯತ್ಯಾಸ ಅದೇ ದಾಖಲೆಗಳಲ್ಲಿದೆ ಎಂದು 1990ರ ದಶಕದಲ್ಲಿ ತಿಳಿಯಿತು.

2006ರ ಏಪ್ರಿಲ್‌ನಲ್ಲಿ ಹಾರಿದ ಕ್ಯಾಲಿಪ್ಸೊ ತಾನೇ ಲೇಸರ್ ಬೆಳಕು ಬಿಡುತ್ತಿತ್ತು. ಬೆಳಕು ಮರಳಲು ಹಿಡಿದ ಸಮಯದಿಂದ ಕಣದ ಎತ್ತರ ಗೊತ್ತಾಗುತ್ತದೆ. ಬೆಳಕಿನ ಕಂಪನದ ದಿಕ್ಕು ಬದಲಾಗಿದ್ದರೆ ಕಣ ಅಂಕುಡೊಂಕಾದದ್ದು, ಧೂಳೋ ಹಿಮಹರಳೋ ಇರಬೇಕು. ಬದಲಾಗದಿದ್ದರೆ ದುಂಡಗಿನ ಹನಿ ಇರಬಹುದು. ಹಿಮಹರಳಿನ ಮೋಡಗಳನ್ನು ಹೀಗೆ ಜರಡಿ ಹಿಡಿದು ತೆಗೆದಾಗ ಉಳಿದ ಮಂಕು ಬೆಳಕಿನಲ್ಲಿ ಆ ಪದರ ಸಿಕ್ಕಿತು. ವರ್ನಿಯೇ ಮತ್ತು ಸಂಗಡಿಗರು 2011ರಲ್ಲಿ ಅದನ್ನು ಪ್ರಕಟಿಸಿದರು.

ಆದರೆ ಲೇಸರ್ ಆಕಾರದ ಸುಳಿವು ಕೊಡಬಲ್ಲದು, ರಾಸಾಯನಿಕದ ಹೆಸರು ಹೇಳಲಾರದು. ಏಷ್ಯಾ ಸುಡುವ ಕಲ್ಲಿದ್ದಲನ್ನು ನೆನೆದರೆ ಸಲ್ಫೇಟ್ ಎಂಬ ಊಹೆ ಸಹಜವೇ. ಊಹೆ ಸರಿಯೇ ಎಂದು ನೋಡಲು ಕಣವನ್ನೇ ಹಿಡಿದು ತರಬೇಕಿತ್ತು.

ಅದಕ್ಕೆ ಒದಗಿದ್ದು ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಹೈದರಾಬಾದ್ ಬಲೂನು ಕೇಂದ್ರ. ನಾಸಾ ಮತ್ತು ಇಸ್ರೊ ಕೂಡಿ ನಡೆಸಿದ 'ಬಟಾಲ್' ಅಭಿಯಾನದಲ್ಲಿ 2014ರಿಂದ 2017ರ ಬೇಸಿಗೆ-ಮಳೆಗಾಲಗಳಲ್ಲಿ ಭಾರತದ ಮೂರು ಕಡೆಯಿಂದ ಮತ್ತು ಸೌದಿ ಅರೇಬಿಯಾದಿಂದ ಒಟ್ಟು 68 ಬಲೂನುಗಳು ಹಾರಿದವು. ಕೆಲವು ಆ ಎತ್ತರದಲ್ಲೇ ಕೆಲ ಹೊತ್ತು ತೇಲಿ ಕಣಗಳನ್ನು ಸೋಸಿ ತಂದವು. ಪ್ರಯೋಗಾಲಯದಲ್ಲಿ ನೋಡಿದರೆ ಹೆಚ್ಚಾಗಿ ಸಿಕ್ಕಿದ್ದು ನೈಟ್ರೇಟ್, ಘನಮೀಟರಿಗೆ ಸುಮಾರು 100 ನ್ಯಾನೊಗ್ರಾಂ.

2019ರಲ್ಲಿ ಹೋಪ್ಫ್ನರ್ ತಂಡ ಇನ್ನೊಂದು ದಿಕ್ಕಿನಿಂದ ಅಲ್ಲಿಗೇ ಬಂತು. 1997ರಲ್ಲಿ ಅಮೆರಿಕದ ಬಾಹ್ಯಾಕಾಶ ನೌಕೆ ಹೊತ್ತೊಯ್ದಿದ್ದ ಕ್ರಿಸ್ಟಾ ಉಪಕರಣದ ಹಳೆಯ ದಾಖಲೆಗಳನ್ನೂ, 2017ರಲ್ಲಿ ಕಠ್ಮಂಡುವಿನಿಂದ ಹಾರಿದ ವಿಮಾನದ ಅಳತೆಗಳನ್ನೂ ಓದಿದಾಗ ಘನ ಅಮೋನಿಯಂ ನೈಟ್ರೇಟ್‌ನ ಗುರುತು ಕಂಡಿತು. ಉತ್ತರದ ಒಂದು ತುಣುಕು 22 ವರ್ಷ ಕಡತದಲ್ಲೇ ಇತ್ತು.

ಈ ಹೆಸರಿನಿಂದ ಆಗುವ ವ್ಯತ್ಯಾಸ ದೊಡ್ಡದು. ಸಲ್ಫೇಟ್ ಒಂದೇ ಆಗಿದ್ದರೆ ಬೆರಳು ವಿದ್ಯುತ್ ಸ್ಥಾವರದ ಚಿಮಣಿಯತ್ತ ಹೋಗುತ್ತಿತ್ತು. ಅಮೋನಿಯಾ ಬರುವುದು ಮುಖ್ಯವಾಗಿ ಹೊಲಕ್ಕೆ ಎರಚಿದ ಯೂರಿಯಾದಿಂದ, ಕೊಟ್ಟಿಗೆಯಿಂದ. ಮಳೆಮೋಡಗಳೇ ಅದನ್ನು ಮೇಲಕ್ಕೆಳೆದು ಒಯ್ಯುತ್ತವೆ. ಊರಲ್ಲಿ ಇನ್ನೂ ಹೊಲ ಇರುವ ನಾವು, ಹೊಗೆ ನಗರದ್ದು, ಗಾಳಿ ಹಳ್ಳಿಯದ್ದು ಎಂದು ಇನ್ನು ಹಂಚಿಕೊಳ್ಳುವಂತಿಲ್ಲ.